‘ಒಳಗಿನ ಹೊಲಿಗೆ ಬಿಟ್ಟು ಹೋಗುತ್ತಾ ಡಾಕ್ಟ್ರೇ?’

ಆಲೂರು ಕಡೆಯ ಕಬಡ್ಡಿ ಹುಡುಗ. ಎಸಿಎಲ್, ಅಂದರೆ ಮಂಡಿಯೊಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಅದರ ಆಪರೇಷನ್ ಆಗಿ ಆರು ವಾರ. ಗಾಯ ಒಣಗಿತ್ತು, ಊತ ಇಳಿದಿತ್ತು. ಆದರೂ ಮಂಡಿ ಬಗ್ಗಿಸು ಎಂದರೆ ತೊಡೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. 60 ಡಿಗ್ರಿ ದಾಟುತ್ತಿರಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದ, ‘ಒಳಗಿನ ಹೊಲಿಗೆ ಬಿಟ್ಟು ಹೋಗುತ್ತಾ ಡಾಕ್ಟ್ರೇ?’

ಇದು ಆಪರೇಷನ್‌ಗೆ ಮೊದಲೇ ಬರಬೇಕಿದ್ದ ಪ್ರಶ್ನೆ. ಆಪರೇಷನ್‌ಗೆ ಎರಡು ವಾರ ಮುಂಚೆ ಅವನು ಹಾಸನಕ್ಕೆ, ನನ್ನ ಹತ್ತಿರವೇ ಬಂದಿದ್ದ. ನಾನು ತೊಡೆಯ ವ್ಯಾಯಾಮ ಹೇಳಿಕೊಟ್ಟು ಕಳಿಸಿದ್ದೆ, ಅಷ್ಟೇ. ಫಿಸಿಯೋಥೆರಪಿಸ್ಟ್ ಆಗಿ ಅದು ನನ್ನದೇ ತಪ್ಪು.

ಅಸಲಿಗೆ ಹರಿದ ಲಿಗಮೆಂಟನ್ನು ಬಟ್ಟೆಯಂತೆ ಹೊಲಿಯುವುದು ಕಡಿಮೆ. ಹೆಚ್ಚಾಗಿ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜು ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು, ಅದರೊಳಗೆ ಹಾಯಿಸಿ ಸ್ಕ್ರೂ ಅಥವಾ ಬಟನ್ ಹಾಕಿ ಬಿಗಿಯುತ್ತಾರೆ. ಸರ್ಜನ್ ಹೇಳಿದ ಮಿತಿಯೊಳಗೆ ಬಗ್ಗಿಸಿದರೆ ಅದು ಕಿತ್ತು ಬರುವುದಿಲ್ಲ. ಮೆನಿಸ್ಕಸ್, ಅಂದರೆ ಮಂಡಿಯೊಳಗಿನ ಮೆತ್ತೆಯನ್ನೂ ಹೊಲಿದಿದ್ದರೆ ಮಿತಿ ಬೇರೆ, ಅದನ್ನು ಕೇಳಿಕೊಳ್ಳಿ.

ಚಲನೆಯ ಈ ಭಯಕ್ಕೆ ಸಂಶೋಧಕರು 1990ರಲ್ಲಿ ಕೈನೀಸಿಯೋಫೋಬಿಯಾ ಎಂದು ಹೆಸರಿಟ್ಟರು. ಅಳೆಯಲು 17 ಹೇಳಿಕೆಗಳ ಟ್ಯಾಂಪಾ ಸ್ಕೇಲ್ ಇದೆ. ನಾನು ಅಷ್ಟು ದೂರ ಹೋಗುವುದಿಲ್ಲ. ‘ಯಾವುದನ್ನು ನೆನೆಸಿಕೊಂಡರೆ ನಿದ್ದೆ ಬರಲ್ಲ?’ ಅಂತ ಕೇಳ್ತೀನಿ. ಮೂಡಿಗೆರೆ ಕಡೆಯ ಒಬ್ಬರಿಗೆ ಆಪರೇಷನ್ ಭಯವೇ ಇರಲಿಲ್ಲ. ಕಾಫಿ ಕೊಯ್ಯುವಾಗ ಜಾರಿ ಬಿದ್ದ ಆ ಇಳಿಜಾರಿನ ಭಯ. ಕೆಲವರಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್, ಕೆಲವರಿಗೆ ಇಂಡಿಯನ್ ಟಾಯ್ಲೆಟ್. ಒಬ್ಬೊಬ್ಬರ ಉತ್ತರ ಕೇಳಿದ ಮೇಲೆ ತಯಾರಿಯೂ ಬೇರೆ ಆಗುತ್ತದೆ.

ಒಂದು ಮಾತು ಮಾತ್ರ ಎಲ್ಲರಿಗೂ ಮೊದಲೇ ಹೇಳುತ್ತೇನೆ. ಆಪರೇಷನ್ ಆದ ಮೇಲೆ ತೊಡೆ ಬಿಗಿ ಮಾಡು ಎಂದರೆ ಕಾಲು ಮಾತು ಕೇಳದೇ ಇರಬಹುದು. ಮಂಡಿಯೊಳಗೆ ಊತ ಇದ್ದಾಗ ನರಗಳೇ ತೊಡೆಯ ಮುಂಭಾಗದ ಸ್ನಾಯುವನ್ನು ತಡೆಹಿಡಿಯುತ್ತವೆ. ಅದು ಸೋಮಾರಿತನವಲ್ಲ, ಆಪರೇಷನ್ ಕೆಟ್ಟಿದೆ ಎಂಬುದರ ಲಕ್ಷಣವೂ ಅಲ್ಲ. ಗೊತ್ತಿಲ್ಲದವನು ಹೆದರಿ ಕಾಲನ್ನು ಅಲುಗಿಸುವುದೇ ಇಲ್ಲ. ಸ್ನಾಯು ಸೊರಗುತ್ತದೆ, ನಿಂತರೆ ಮಂಡಿ ಕುಸಿದಂತಾಗುತ್ತದೆ, ಭಯ ಇನ್ನೂ ಜಾಸ್ತಿಯಾಗುತ್ತದೆ.

ಹಾಗಾಗಿ ಈಗ ರಿಹರ್ಸಲ್ ಮಾಡಿಸುತ್ತೇನೆ. ವಾಕರ್ ಹಿಡಿದು ನಡೆಯುವುದು, ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆಗಲಿರುವ ಕಾಲು ಮೊದಲು. ರಾತ್ರಿ ಕಣ್ಣು ಮುಚ್ಚಿ, ಮಂಚದಿಂದ ಬಚ್ಚಲಮನೆವರೆಗೆ ಮನಸ್ಸಿನಲ್ಲೇ ನಡೆದು ನೋಡಿ ಎನ್ನುತ್ತೇನೆ, ನೋವನ್ನೂ ಸೇರಿಸಿ. ‘ನೋವೇ ಇರಲ್ಲ’ ಅಂತ ಸುಮ್ನೆ ಹೇಳಿದರೆ ಎರಡನೇ ದಿನಕ್ಕೇ ನಂಬಿಕೆ ಹೋಗುತ್ತದೆ. ವ್ಯಾಯಾಮ ಮಾಡುವಾಗ ಎಳೆದಂತಾಗಿ, ಮಾರನೇ ಬೆಳಿಗ್ಗೆಗೆ ಇಳಿಯುವ ನೋವು ಸಾಮಾನ್ಯ. ಊತ ಏರುತ್ತಿದ್ದರೆ, ಮೀನಖಂಡ ಬಾತು ನೋಯುತ್ತಿದ್ದರೆ, ಜ್ವರ ಬಂದರೆ, ಗಾಯ ಸೋರಿದರೆ ಕಾಯಬೇಡಿ, ಸರ್ಜನ್‌ಗೆ ಫೋನ್ ಮಾಡಿ. ಮನೆಯವರೊಬ್ಬರೂ ಜೊತೆಗೆ ಬಂದು ಇದನ್ನು ಕೇಳಿಸಿಕೊಳ್ಳಬೇಕು. ‘ಅಲ್ಲಾಡಿಸಬೇಡ, ಸುಮ್ನೆ ಮಲಗು’ ಎನ್ನುವ ಅಜ್ಜಿಯ ಪ್ರೀತಿಯ ಮುಂದೆ ನನ್ನ ಚಾರ್ಟ್ ನಡೆಯುವುದಿಲ್ಲ, ಅಲ್ವಾ?

ಹಾಗಂತ ಭಯ ಪೂರ್ತಿ ಹೋಗಲಿ ಎಂದೂ ನಾನು ಬಯಸಲ್ಲ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಎಸಿಎಲ್ ಆಪರೇಷನ್ ಆದವರಲ್ಲಿ ಸ್ಪರ್ಧೆಯ ಮಟ್ಟಕ್ಕೆ ಮರಳಿದವರು ಶೇ. 55 ಮಾತ್ರ. ಮತ್ತೆ ಪೆಟ್ಟಾಗುವ ಭಯ ಅದಕ್ಕೆ ಒಂದು ಕಾರಣ. ಆದರೆ 9 ತಿಂಗಳಿಗೆ ಮೊದಲೇ ಆಟಕ್ಕೆ ಇಳಿದವರಿಗೆ ಮತ್ತೆ ಪೆಟ್ಟಾಗುವ ಅಪಾಯ ಜಾಸ್ತಿ. ಆ ಆತುರ ತಡೆಯುವಷ್ಟು ಭಯ ಇರಲಿ.

ಆ ಹುಡುಗನನ್ನು ಅವತ್ತು ಮಂಚದ ಅಂಚಿಗೆ ಕೂರಿಸಿದೆ. ಒಳ್ಳೆ ಕಾಲಿನ ಆಸರೆ ಕೊಟ್ಟು ಆಪರೇಷನ್ ಆದ ಕಾಲನ್ನು ಅವನೇ ಇಳಿಬಿಟ್ಟ. ಈಗ ಏಳನೇ ತಿಂಗಳು. ಕಾಲು ಚಾಚೋಕೆ ಅಂತ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕಿತ್ತು, ಈಗ ಕಿಟಕಿ ಪಕ್ಕ ಕೂತು ಬರುತ್ತಾನಂತೆ. ಕಬಡ್ಡಿ ಮಾತು ಅವನು ಎತ್ತಿಲ್ಲ, ನಾನೂ ಕೇಳಿಲ್ಲ.