ಹೊಳೆಯಾಚೆ ಬಿಟ್ಟ ಬೆಕ್ಕು, ಅಂಗಳಕ್ಕೆ ಬರುವ ಬೆಕ್ಕು

"ಡಾಕ್ಟ್ರೇ, ಬೆಕ್ಕು ಹಿಡ್ಕೊಂಡು ಹೋಗುವವರು ಯಾರಾದ್ರೂ ಇದ್ದಾರಾ?"

ವಾರಕ್ಕೆ ಒಂದಾದರೂ ಇಂಥ ಫೋನು ಬರುತ್ತದೆ. ಕುಂಬಳೆ ಪೇಟೆಯಿಂದ ಬರುತ್ತದೆ, ಪೆರ್ಲ ಕಡೆಯ ತೋಟದ ಮನೆಗಳಿಂದಲೂ ಬರುತ್ತದೆ. ಹಿಡಿದು ಏನು ಮಾಡಬೇಕು ಅಂತ ಕೇಳಿದರೆ, "ಎಲ್ಲಾದ್ರೂ ದೂರ ಬಿಟ್ರೆ ಸಾಕು" ಎನ್ನುತ್ತಾರೆ.

ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಅಲ್ಲಿ ಬೂತಾಯಿ ತಲೆಯಾದರೂ ಸಿಗುತ್ತದೆ, ಹೇಗೋ ಬದುಕಿಕೊಳ್ಳುತ್ತವೆ ಎಂಬ ಸಮಾಧಾನ. ಹೀಗೆ ಬಿಡುವವರು ಕೆಟ್ಟವರಲ್ಲ, ಬೇರೆ ದಾರಿ ಕಾಣದವರು. ಆದರೆ ಮರಿಗಳು ಬದುಕಿಕೊಳ್ಳುವುದಿಲ್ಲ. ಆ ಜಾಗಕ್ಕೆ ಮೊದಲೇ ದೊಡ್ಡ ಬೆಕ್ಕುಗಳ ಯಜಮಾನಿಕೆ ಇರುತ್ತದೆ. ಜೂನ್ ಮಳೆಯಲ್ಲಿ ನೆನೆದು, ಶೀತ ಹಿಡಿದು, ಕೀವು ಕಟ್ಟಿ ಕಣ್ಣು ತೆರೆಯಲಾಗದ ಮರಿಗಳನ್ನು ಪುಣ್ಯಾತ್ಮರು ಯಾರೋ ರಟ್ಟಿನ ಪೆಟ್ಟಿಗೆಯಲ್ಲಿ ನನ್ನಲ್ಲಿಗೆ ತರುತ್ತಾರೆ. ಅಷ್ಟರಲ್ಲಿ ತಡವಾಗಿರುವುದೇ ಜಾಸ್ತಿ. ಹಸಿವು, ಬಾಯಾರಿಕೆಗೆ ತುತ್ತಾಗುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ವಿಷ ಹಾಕುವುದಂತೂ ಜೈಲಿಗೆ ಕಳಿಸುವ ಕೆಲಸ.

ಕಾನೂನು ಹಾಗಿರಲಿ. ಬಿಟ್ಟು ಬಂದರೆ ಮನೆಯಲ್ಲಿ ಬೆಕ್ಕು ಕಡಿಮೆಯಾಗುತ್ತದೆಯಾ? ಬದಿಯಡ್ಕ ಸಮೀಪದ ಅಕ್ಕ ಒಬ್ಬರು ಮೂರು ಬೆಕ್ಕುಗಳನ್ನು ಹೊಳೆಯಾಚೆ ಬಿಡಿಸಿದ್ದರು. ಮೂರು ತಿಂಗಳೊಳಗೆ ಕೊಟ್ಟಿಗೆಯ ಹತ್ತಿರ ಗುರುತಿಲ್ಲದ ಎರಡು ಬೆಕ್ಕು ಬಂದು ಕೂತವು. ಅದರಲ್ಲೊಂದು ಬಸುರಿ. ಬರದೆ ಏನು ಮಾಡುತ್ತವೆ? ಕೊಟ್ಟಿಗೆಯಲ್ಲಿ ಹಾಲು ಇದೆ, ಅಡಿಕೆ ರಾಶಿ ಹಾಕಿದ ಕೋಣೆಯಲ್ಲಿ ಇಲಿ ಇದೆ, ಮಲಗಲು ಅಟ್ಟ ಇದೆ. ಇದ್ದ ಬೆಕ್ಕು ಹೋದರೆ ಆ ಜಾಗ ಪಕ್ಕದ ಬೆಕ್ಕುಗಳಿಗೆ ತೆರವಾಗುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಕಾಡುಬಿದ್ದ ಬೆಕ್ಕುಗಳನ್ನು ಅಷ್ಟಿಷ್ಟು ಕೊಂದು ನೋಡಿದಾಗ, ಆ ಜಾಗಗಳಲ್ಲಿ ಬೆಕ್ಕುಗಳು ಹೆಚ್ಚೇ ಕಂಡವು. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. ನಮ್ಮ ಅಂಗಳದಲ್ಲಿ ಆಗುವುದೂ ಅದೇ.

ಹಾಗಾದರೆ ಮಾಡಬೇಕಾದ್ದು ಏನು? ಹಿಡಿಯಬೇಕು, ಮರಿಯಾಗದಂತೆ ಆಪರೇಶನ್ ಮಾಡಿಸಬೇಕು, ಹಿಡಿದ ಜಾಗಕ್ಕೇ ತಂದು ಬಿಡಬೇಕು. ಈ ಕೊನೆಯ ಮಾತಿಗೆ ಎಲ್ಲರ ಮುಖ ಚಿಕ್ಕದಾಗುತ್ತದೆ. "ವಾಪಸು ಇಲ್ಲಿಗೇ ಯಾಕೆ ಡಾಕ್ಟ್ರೇ?" ಆ ಬೆಕ್ಕು ಜಾಗ ಕಾಯುತ್ತದೆ, ಅದಕ್ಕೆ. ಹೊಸಬರನ್ನು ಸುಲಭದಲ್ಲಿ ಒಳಗೆ ಬಿಡುವುದಿಲ್ಲ, ಇಲಿ ಹಿಡಿಯುತ್ತದೆ, ಮರಿ ಮಾತ್ರ ಹಾಕುವುದಿಲ್ಲ. ಗಂಡು ಬೆಕ್ಕಾದರೆ ರಾತ್ರಿಯ ಜಗಳ, ಗೋಡೆಗೆ ಉಚ್ಚೆ ಹಾರಿಸುವುದು ತುಂಬಾ ಕಡಿಮೆಯಾಗುತ್ತದೆ.

ಹೆಣ್ಣನ್ನೇ ಮೊದಲು ತನ್ನಿ. ನಾಲ್ಕೈದು ತಿಂಗಳಿಗೇ ಬೆದೆಗೆ ಬರುವ ಮರಿಗಳಿವೆ. ಬಸುರಿನ ಕಾಲ 63ರಿಂದ 65 ದಿನ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ದೂರದ ಚಳಿ ದೇಶಗಳಲ್ಲಿ ಹಗಲು ಚಿಕ್ಕದಾದಾಗ ಬೆಕ್ಕಿನ ಬೆದೆ ನಿಲ್ಲುತ್ತದೆ. ನಮ್ಮಲ್ಲಿ ಹಗಲಿನ ಉದ್ದ ಅಷ್ಟೇನೂ ಬದಲಾಗುವುದಿಲ್ಲವಲ್ಲ, ಹಾಗಾಗಿ ವರ್ಷವಿಡೀ ಮರಿಗಳು. ಒಂದು ಅಂಗಳದಲ್ಲಿ ಹತ್ತು ಬೆಕ್ಕಿದ್ದರೆ ಎರಡಕ್ಕೆ ಮಾಡಿಸಿ ನಿಲ್ಲಿಸಿದರೆ ಏನೂ ಗೊತ್ತಾಗುವುದಿಲ್ಲ. ಏಳೆಂಟಕ್ಕಾದರೂ ಆಗಬೇಕು.

ಆಪರೇಶನ್ ದೊಡ್ಡದಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಪಕ್ಕೆಯಲ್ಲಿ ಸಣ್ಣದೊಂದು ಗಾಯ ಮಾಡುತ್ತೇನೆ. ಊರ ಬೆಕ್ಕಿಗೆ ಹೊಟ್ಟೆಯ ನಡುವಿಗಿಂತ ಪಕ್ಕೆಯೇ ನನಗೆ ಇಷ್ಟ. ಹಾಲು ತುಂಬಿದ ಮೊಲೆಗಳು ಅಡ್ಡ ಬರುವುದಿಲ್ಲ, ಬೆಕ್ಕು ದೂರ ಕೂತಿದ್ದರೂ ಗಾಯ ನೋಡಬಹುದು. ಹೊಲಿಗೆ ತಾನಾಗಿ ಕರಗುತ್ತದೆ, ಮತ್ತೆ ಹಿಡಿಯುವ ಕಷ್ಟ ಇಲ್ಲ. ಮಂಪರಿನಲ್ಲಿರುವಾಗಲೇ ರೇಬೀಸ್ ಲಸಿಕೆ ಹಾಕಿ, ಎಡಗಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರ್ ನೇರವಾಗಿ ಕತ್ತರಿಸುತ್ತೇನೆ. "ಪಾಪ, ಕಿವಿ ಯಾಕೆ?" ಎಂದು ಬೇಸರ ಮಾಡುವವರಿದ್ದಾರೆ. ಆ ಕತ್ತರಿಸಿದ ಕಿವಿ ಕಂಡರೆ ಅದನ್ನು ಮತ್ತೆ ಯಾರೂ ಹಿಡಿದು, ಸುಮ್ನೆ ಹೊಟ್ಟೆ ಕೊಯ್ಯುವುದಿಲ್ಲ, ಅಲ್ವಾ?

ಒಂದು ತಪ್ಪು ಹೇಳಲೇಬೇಕು. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಮೂರು ಬಣ್ಣದ ಬೆಕ್ಕು ಬಂತು. ಮೊಲೆಯ ಸುತ್ತ ಕೂದಲು ಉದುರಿತ್ತು, ಹಿಂಡಿದರೆ ಹಾಲು ಬರುತ್ತಿತ್ತು. ಅವಸರದಲ್ಲಿ ನಾನು ನೋಡಲಿಲ್ಲ. ಎರಡು ದಿನ ಇಟ್ಟುಕೊಂಡೆ. ಮೂರನೆಯ ದಿನ ಆ ಮನೆಯವರಿಗೆ ಸೌದೆ ಕೊಟ್ಟಿಗೆಯಲ್ಲಿ ಮೂರು ಮರಿ ಸಿಕ್ಕಿದವು. ಎರಡು ತಣ್ಣಗಾಗಿದ್ದವು. ಅವತ್ತಿನಿಂದ ಬೋನಿನ ಬಟ್ಟೆ ಸರಿಸಿದ ಕೂಡಲೇ ಮೊದಲು ನೋಡುವುದು ಮೊಲೆಯನ್ನು. ಹಾಲಿದ್ದರೆ, ಮರಿಗಳಿಗೆ ಆರೆಂಟು ವಾರ ಆಗುವ ತನಕ ಕಾಯಿರಿ ಎನ್ನುತ್ತೇನೆ. ಮತ್ತೆ ಸಿಗುವುದೇ ಇಲ್ಲ ಎನ್ನುವಂಥ ಬೆಕ್ಕಾದರೆ ಬೆಳಗ್ಗೆ ಆಪರೇಶನ್ ಮಾಡಿ, ಚೆನ್ನಾಗಿ ಎಚ್ಚರ ಬಂದ ಮೇಲೆ ಅದೇ ಸಂಜೆ ತಾಯಿಯನ್ನು ಮರಿಗಳ ಹತ್ತಿರ ಬಿಡಿಸುತ್ತೇನೆ. ಆಪರೇಶನ್ ಆದರೆ ಹಾಲು ನಿಲ್ಲುವುದಿಲ್ಲ.

ಮರಿಗಳ ವಿಷಯದಲ್ಲಿ ಇನ್ನೊಂದು ಮಾತು. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ಅಭ್ಯಾಸವಾದರೆ ಅವು ಮನೆಬೆಕ್ಕಾಗುತ್ತವೆ, ಯಾರಾದರೂ ಸಾಕುತ್ತಾರೆ. ಆ ಕಾಲ ದಾಟಿ ದೊಡ್ಡದಾದ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿದರೆ ಅದಕ್ಕೂ ಹಿಂಸೆ, ಮನೆಯವರಿಗೂ ಹಿಂಸೆ.

ಮನುಷ್ಯರನ್ನು ಕಂಡರೆ ಓಡುವ ಬೆಕ್ಕನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ. ಪರಚಿದರೆ, ಕಚ್ಚಿದರೆ 15 ನಿಮಿಷ ಸೋಪು ಹಾಕಿ ನಲ್ಲಿ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಯಿಂದ ಬರುವ ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಜ್ವರ ಬಂದ ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದು ಮಾತ್ರೆ ಜೀವ ತೆಗೆಯುತ್ತದೆ.

ಹಿಡಿಯುವುದಕ್ಕೆ ಬೋನೇ ಬೇಕು. ಎರಡು ಮೂರು ದಿನ ಬಾಗಿಲು ತೆರೆದೇ ಇಟ್ಟು, ಒಳಗೆ ಊಟ ಹಾಕಿ ಅಭ್ಯಾಸ ಮಾಡಿಸಿ. ಹಿಡಿಯುವ ದಿನದ ಹಿಂದಿನ ರಾತ್ರಿ ದೊಡ್ಡ ಬೆಕ್ಕಿಗೆ ಊಟ ಬೇಡ, ನೀರು ಇರಲಿ. ಮೂರು ನಾಲ್ಕು ತಿಂಗಳ ಮರಿಯನ್ನು ಇಡೀ ರಾತ್ರಿ ಉಪವಾಸ ಕೆಡವಬೇಡಿ, ಕೆಲವು ಗಂಟೆ ಸಾಕು. ಬೆಳಗ್ಗೆ ಬೋನಿನ ಹಿಂಬದಿಯಲ್ಲಿ ಒಂದು ಸಣ್ಣ ತುಂಡು ಒಣಮೀನು ಇಡಿ, ಘಾಟು ವಾಸನೆ ಇದ್ದಷ್ಟೂ ಒಳ್ಳೆಯದು. ಬಾಗಿಲು ಬಿದ್ದ ಕೂಡಲೇ ಹಳೆಯ ಬೈರಾಸು ಹೊದಿಸಿ. ಕತ್ತಲಾದರೆ ಬೆಕ್ಕು ಒದ್ದಾಡುವುದನ್ನು ನಿಲ್ಲಿಸಿ ಸುಮ್ಮನೆ ಮುದುಡಿ ಕೂರುತ್ತದೆ.