ಎಷ್ಟು ತಾಸು ಅಂತ ಕೇಳಬೇಡಿ, ಒಳಗೆ ಎಷ್ಟು ಬಿಸಿ ಅಂತ ನೋಡಿ

ಭಾನುವಾರ ಬೆಳಿಗ್ಗೆ ಹತ್ತೂವರೆಯಾದರೆ ನನ್ನ ಫೋನಿಗೆ ಬಿಡುವಿಲ್ಲ. ಚರ್ಚ್ ಮುಗಿಸಿ ಮನೆಗೆ ಬಂದವರೆಲ್ಲ ಕೇಳುವುದು ಒಂದೇ. "ಎರಡ್ ಕಿಲೋ ಪೋರ್ಕ್ ಐತ್ರಿ, ಒಳಗ ಮಸಾಲಿ ಸೊಪ್ಪು ತುಂಬೀನಿ. ಓವನ್‌ದಾಗ ಎಷ್ಟ್ ತಾಸ್ ಇಡಲಿ?"

ಬೆಳಗಾವಿ ಕ್ಯಾಂಪ್‌ನಲ್ಲಿ ಊಟದ ಆರ್ಡರ್ ಹಿಡಿದು ಅಡುಗೆ ಮಾಡುವವನು ನಾನು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ತಾಸು ಹೇಳಿಬಿಟ್ಟರೆ ಸುಳ್ಳು ಹೇಳಿದ ಹಾಗೆ.

ಸೊಪ್ಪಿನ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಕೊತ್ತಂಬರಿ, ಪುದೀನ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಸಿಕ್ಕರೆ ರೋಸ್‌ಮೇರಿ, ನೀರು ಹೀರಲು ಒಣ ಬ್ರೆಡ್ ಪುಡಿ. ಗೋವಾ ನಂಟಿರುವ ಮನೆಯಾದರೆ ಒಂದು ಚಮಚ ವಿನೆಗರ್. ಅದು ಮನೆಮನೆಯ ರುಚಿ. ಆದರೆ ಹುರಿದ ಮಸಾಲೆ ಪೂರ್ತಿ ಆರಿದ ಮೇಲೇ ತುಂಬಿ. ತುಂಬಿದ ಕೂಡಲೇ ಓವನ್‌ಗೆ ಇಡಿ, ರಾತ್ರಿಯೇ ತುಂಬಿಡಬೇಡಿ.

ಈಗ ತಾಸಿನ ಮಾತು. ಬಿಸಿ ಹೊರಗಿನಿಂದ ಒಳಗೆ ನಿಧಾನವಾಗಿ ನಡೆದು ಹೋಗಬೇಕು. ಅದು ನಡೆಯುವ ದೂರ ಅಂದರೆ ಮಾಂಸದ ದಪ್ಪ, ತೂಕ ಅಲ್ಲ. ಅದೇ ಎರಡು ಕಿಲೋವನ್ನು ಒಬ್ಬರು ಉದ್ದಕ್ಕೆ ಸುತ್ತಿ ದಾರ ಕಟ್ಟಿರುತ್ತಾರೆ, ಇನ್ನೊಬ್ಬರು ಗಿಡ್ಡಕ್ಕೆ ಉಂಡೆ ಮಾಡಿರುತ್ತಾರೆ. ಉಂಡೆಗೆ ಎಷ್ಟೋ ಜಾಸ್ತಿ ಹೊತ್ತು ಬೇಕು. ಫ್ರಿಜ್‌ನಿಂದ ತೆಗೆದ ಮಾಂಸ ಬೇರೆ, ಈಗಷ್ಟೇ ತಂದದ್ದು ಬೇರೆ. ನಿಮ್ಮ ಓಟಿಜಿ (ಮನೆಯ ಚಿಕ್ಕ ಕರೆಂಟ್ ಓವನ್) 160 ಡಿಗ್ರಿ ಅಂತ ತೋರಿಸಿದರೂ ಒಳಗೆ ಅಷ್ಟೇ ಇದೆ ಅನ್ನುವ ಖಾತ್ರಿ ಇಲ್ಲ. ನಡುವೆ ಕರೆಂಟ್ ಹೋದರಂತೂ ಗಡಿಯಾರ ಸುಮ್ನೆ ಓಡುತ್ತಿರುತ್ತದೆ, ಮಾಂಸ ಬೇಯುವುದಿಲ್ಲ.

ಬಣ್ಣವನ್ನೂ ನಂಬಬೇಡಿ. ಮೇಲೆ ಕೆಂಪಗೆ ಹೊಳೆಯುತ್ತಿದ್ದ ರೋಸ್ಟ್ ಒಳಗೆ ಉಗುರುಬೆಚ್ಚಗೆ ಇದ್ದದ್ದನ್ನು ನಾನೇ ನೋಡಿದ್ದೇನೆ. ತುಂಬಿದ ರೋಸ್ಟ್‌ನಲ್ಲಿ ಕೊನೆಗೆ ಬಿಸಿಯಾಗುವುದು ನಡುವಿನ ಸೊಪ್ಪು. ಹಸಿ ಮಾಂಸದ ರಸವನ್ನೆಲ್ಲ ಕುಡಿದು ಕೂತಿರುವುದೂ ಅದೇ. ಹಾಗಾಗಿ ಆ ಸೊಪ್ಪು ಕಡಿಮೆ ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಏನೂ ತುಂಬದ ಇಡೀ ತುಂಡಿಗೆ 63 ಡಿಗ್ರಿ ಸಾಕು ಅಂತ ಓದಿರುತ್ತೀರಿ. ಆ ಲೆಕ್ಕ ಇಲ್ಲಿಗಲ್ಲ. ಲಾಡಿಹುಳುವಿನ ಭಯ ಇರುವ ಮಾಂಸ ಇದು. ಮನೆಯಲ್ಲಿ ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ಒಂದು ಡಿಗ್ರಿಯೂ ರಿಯಾಯಿತಿ ಬೇಡ.

ಅದಕ್ಕೇ ಹೇಳುವುದು, ಒಂದು ಸೂಜಿ ಥರ್ಮಾಮೀಟರ್ ತಗೊಳ್ಳಿ. ಪಕ್ಕದಿಂದ ನಿಧಾನಕ್ಕೆ ಚುಚ್ಚುತ್ತಾ ಹೋಗಿ. ಅಂಕಿ 82, 76, 69 ಅಂತ ಇಳಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ. ಎಲ್ಲಿ ಎಲ್ಲಕ್ಕಿಂತ ಕಡಿಮೆ ತೋರಿಸಿತೋ ಅದೇ ನಡುಮಧ್ಯ. ಅಲ್ಲಿ 69 ಇದ್ದರೆ ಇನ್ನೂ ಆಗಿಲ್ಲ. ಹೊರಗಿನ 82 ನೋಡಿ ಓವನ್ ಆರಿಸಬೇಡಿ. ಎರಡು ಮೂರು ಕಡೆ ಚುಚ್ಚಿ ನೋಡಿ, ತುದಿ ತಟ್ಟೆಗೆ ತಾಗದಿರಲಿ.

ನನ್ನ ಮಾತು ಕೇಳಿ ಥರ್ಮಾಮೀಟರ್ ಕೊಂಡ ಒಬ್ಬ ಆಂಟಿ ಮರುದಿನವೇ ಅದನ್ನು ಹಿಡಿದುಕೊಂಡು ಬಂದರು. "ಇದು ಕೆಟ್ಟೈತಿ ನೋಡಪಾ. ಕುದಿಯೋ ನೀರಾಗ ಇಟ್ರ 97 ತೋರಸ್ತೈತಿ, ನೂರು ಆಗವಲ್ದು." ಅವರು ಪರೀಕ್ಷೆ ಮಾಡಿದ್ದೇ ನನಗೆ ಖುಷಿಯಾಯಿತು. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 2,500 ಅಡಿ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಒಂದು ಲೋಟಕ್ಕೆ ಐಸ್ ತುಂಬಿ, ಸ್ವಲ್ಪ ನೀರು ಹಾಕಿ, ಸೂಜಿ ಇಟ್ಟು ತೋರಿಸಿದೆ. ಸೊನ್ನೆಗೆ ಬಂದು ನಿಂತಿತು. ಆಂಟಿ ಅದನ್ನು ಸೀರೆ ಸೆರಗಿನಲ್ಲಿ ಒರೆಸಿ ವಾಪಸ್ ಚೀಲಕ್ಕೆ ಹಾಕಿಕೊಂಡರು.

ಯಾವ ಭಾಗ ತರಬೇಕು ಅಂದರೆ, ತುಂಬುವುದಕ್ಕೆ ನಾನು ಭುಜದ ಮಾಂಸವನ್ನೇ ಹೇಳುತ್ತೇನೆ. ಸೊಂಟದ ಭಾಗ ನೋಡಲು ಚಂದ, ಆದರೆ ನಡುವಿನ ಸೊಪ್ಪು 74 ಮುಟ್ಟುವಷ್ಟರಲ್ಲಿ ಅಂಚು ಒಣಗಿ ನಾರಾಗುತ್ತದೆ. ಭುಜದಲ್ಲಿ ಕೊಬ್ಬಿದೆ, 85 ದಾಟಿದರೂ ಮೆತ್ತಗೇ ಆಗುತ್ತದೆ.

ಅಂದಾಜು ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಭುಜದ ಎರಡು ಕಿಲೋ ಸುರುಳಿಗೆ 160 ಡಿಗ್ರಿಯಲ್ಲಿ ಮೂರು ತಾಸು ಬಿಡುವು ಇಟ್ಟುಕೊಳ್ಳಿ. ಒಂದು ಗಂಟೆಗೆ ಊಟ ಅಂದರೆ ಒಂಬತ್ತಕ್ಕೇ ಓವನ್‌ಗೆ ಹೋಗಲಿ, ಎರಡು ತಾಸಾದ ಮೇಲೆ ಸೂಜಿ ಹಾಕಿ ನೋಡಲು ಶುರುಮಾಡಿ. ಬೇಗ ಆಯಿತೋ, ಫಾಯಿಲ್ ಮುಚ್ಚಿ ಬದಿಗಿಡಿ. ಅರ್ಧ ತಾಸು ಹಾಗೇ ಇದ್ದರೂ ಬಿಸಿ ಹೋಗುವುದಿಲ್ಲ, ರಸವೂ ಒಳಗೇ ನಿಲ್ಲುತ್ತದೆ. ಅಷ್ಟರಲ್ಲಿ ತಟ್ಟೆಯಲ್ಲಿ ಉಳಿದ ಕೊಬ್ಬಿಗೆ ಬೇಯಿಸಿದ ಆಲೂಗಡ್ಡೆ ಹಾಕಿ ಮತ್ತೆ ಓವನ್‌ಗೆ ತಳ್ಳಿ.