ಗಟ್ಟಿತನ ಒಬ್ಬರಿಂದಲೇ ಬರೋದಲ್ಲ

"ಅವರು ಬಹಳ ಗಟ್ಟಿ ಬಿಡಿ" ಅಂತ ಬಳ್ಳಾರಿ, ಕೊಪ್ಪಳದ ಕಡೆ ಯಲ್ಲಮ್ಮ ದೇವಿಗೆ ಮುಡಿಪಾದ ಜೋಗಪ್ಪಂದಿರ ಬಗ್ಗೆ, ಟ್ರಾನ್ಸ್‌ಜೆಂಡರ್ ಹೆಣ್ಣುಮಕ್ಕಳ ಬಗ್ಗೆ ಮೆಚ್ಚುಗೆಯಿಂದಲೇ ಹೇಳುತ್ತೇವೆ. ಆ ಗಟ್ಟಿತನ ಎಲ್ಲಿಂದ ಬರುತ್ತದೆ ಅಂತ ಮಾತ್ರ ಕೇಳುವುದಿಲ್ಲ.

ಮೊದಲು ಹೊರೆಯ ಮಾತು. ಎಲ್ಲರಿಗೂ ಇರುವ ತಾಪತ್ರಯದ ಮೇಲೆ, ಸಮಾಜ ಕೀಳಾಗಿ ಕಾಣುವವರಿಗೆ ಇನ್ನೊಂದು ಒತ್ತಡ ಇರುತ್ತದೆ ಎಂದು ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ಸಲಿಂಗಿ ಮತ್ತು ದ್ವಿಲಿಂಗಿಗಳ ಬಗ್ಗೆ ಬರೆದರು. 2012ರಲ್ಲಿ ಹೆಂಡ್ರಿಕ್ಸ್ ಮತ್ತು ಟೆಸ್ಟಾ ಅದನ್ನು ಟ್ರಾನ್ಸ್‌ಜೆಂಡರ್ ಜನರ ಬದುಕಿಗೆ ಹೊಂದಿಸಿ ನೋಡಿದರು. ಬೈಗುಳ, ಬಾಡಿಗೆಗೆ ಮನೆ ಸಿಗದಿರುವುದು ಹೊರಗಿನ ಒತ್ತಡ. ಬಸ್ ಹತ್ತುವ ಮೊದಲೇ ಯಾರು ಏನಂತಾರೋ ಅನ್ನುವ ಅಳುಕು ಒಳಗಿನದು, ಅದು ದಿನವಿಡೀ ಬಿಡುವುದಿಲ್ಲ. ಟ್ರಾನ್ಸ್‌ಜೆಂಡರ್ ಆಗಿರುವುದು ಮಾನಸಿಕ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಅದನ್ನು ಆ ಪಟ್ಟಿಯಿಂದ ತೆಗೆದಿದೆ.

ಹಾಗಾದರೆ ತಡೆದುಕೊಳ್ಳುವ ಶಕ್ತಿ? 2018ರಲ್ಲಿ ಅಮೆರಿಕದ 129 ಮಂದಿ ಟ್ರಾನ್ಸ್‌ಜೆಂಡರ್ ಯುವಜನರ ಅಧ್ಯಯನವೊಂದು ಬಂತು. ಮನೆ, ಶಾಲೆ, ಕೆಲಸ, ಗೆಳೆಯರು, ಇವುಗಳಲ್ಲಿ ತಾವೇ ಆರಿಸಿಕೊಂಡ ಹೆಸರಿನಿಂದ ಕರೆಯುವ ಜಾಗ ಒಂದು ಹೆಚ್ಚಾದರೂ ಸಾಯುವ ಯೋಚನೆ ಶೇ. 29ರಷ್ಟು ಕಡಿಮೆ ಕಂಡುಬಂತು. ಹೆಸರೇ ಕಾರಣ ಅಂತ ಇದು ಸಾಬೀತು ಮಾಡುವುದಿಲ್ಲ, ಆದರೆ ಸುಮ್ನೆ ತಳ್ಳಿಹಾಕುವ ಮಾತೂ ಅಲ್ಲ. ಚಹಾದ ಅಂಗಡಿಯವರು "ಬಾ ಅಕ್ಕಾ, ಕೂತ್ಕೋ" ಅಂದರೆ ಅವರಿಗೆ ಖರ್ಚೇನೂ ಇಲ್ಲ, ಅಲ್ವಾ?

ಇನ್ನು ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರನ್ನು ನೋಡಿ. ಬಳ್ಳಾರಿ ಸೀಮೆಯವರು. ಮನೆ ಬಿಟ್ಟು ಭಿಕ್ಷೆ ಬೇಡಿದ್ದಾರೆ. ಕಾಳವ್ವ ಜೋಗತಿ ಎಂಬ ಗುರು ಸಿಕ್ಕರು, ಜೊತೆಗೆ ಕುಣಿಯುವವರು ಸಿಕ್ಕರು. ತಲೆ ಮೇಲೆ ದೇವಿಯ ಕೊಡ, ಕೈಯಾಸರೆ ಇಲ್ಲ, ಪಕ್ಕದಲ್ಲಿ ಚೌಡಕಿಯ ತಂತಿ ಮಿಡಿಯುತ್ತಿರುತ್ತದೆ. ಕೊಡ ವಾಲದಂತೆ ಕತ್ತನ್ನು ಸ್ಥಿರವಾಗಿಟ್ಟುಕೊಂಡು ಕುಣಿಯಬೇಕು, ಆಗ ಬೇರೆ ಚಿಂತೆಗೆ ಜಾಗವೆಲ್ಲಿ ಅಂತ ನನಗನಿಸುತ್ತದೆ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಸುಮ್ಮನೆ ಸಂಗೀತ ಕೇಳಿದವರಿಗಿಂತ, ಸೇರಿ ಹಾಡಿ ಕುಣಿದು ಬಾರಿಸಿದವರು ಆಮೇಲೆ ನೋವನ್ನು ಜಾಸ್ತಿ ತಡೆಯುತ್ತಾರೆ ಎಂದು ವಿಜ್ಞಾನಿ ರಾಬಿನ್ ಡನ್ಬಾರ್ ತಂಡ 2012ರಲ್ಲಿ ತೋರಿಸಿತು. ಮೆದುಳಿನಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದೇ ಇದಕ್ಕೆ ಕಾರಣ ಇರಬೇಕು ಅನ್ನುವುದು ಅವರ ಊಹೆ.

ಆದರೂ ಹುಲಿಗಿಯ ಹುಲಿಗೆಮ್ಮನ ಮುಂದೆ ಕೈಮುಗಿದು ಆಶೀರ್ವಾದ ಕೇಳುವ ನಾವೇ, ಜೋಗಪ್ಪಂದಿರು ಕೆಲಸ ಕೇಳಿಕೊಂಡು ಬಂದರೆ ಮುಖ ತಿರುಗಿಸುತ್ತೇವೆ. ಇದು ನನಗೆ ಬಹಳ ನೋವಿನ ಸಂಗತಿ. ಹಾಡು, ಗುರು, ಗೆಳತಿಯರು ಮನಸ್ಸನ್ನು ಹಿಡಿದು ನಿಲ್ಲಿಸುತ್ತಾರೆ, ತಿಂಗಳ ಸಂಬಳ ಕೊಡುವುದಿಲ್ಲ. ರಾಜ್ಯ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ 2021ರಿಂದ ಶೇ. 1ರಷ್ಟು ಮೀಸಲಾತಿ ಇದೆ. ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳ 2019ರ ಕಾಯ್ದೆಯಡಿ ಗುರುತಿನ ಚೀಟಿ ಕೊಡಲು ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟರು. ನಿಮ್ಮ ಓಣಿಯಲ್ಲಿ ಅರ್ಜಿ ತುಂಬಲು ತಿಳಿಯದವರಿದ್ದರೆ ಜೊತೆಗೆ ಕೂತು ತುಂಬಿಕೊಡಿ. ಯಾರಿಗಾದರೂ ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿಕೊಡಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.